ಬ್ರೌಸರ್ ಹ್ಯಾಂಗ್, ಕಂಪ್ಯೂಟರ್ ಕ್ರ್ಯಾಶ್: ಆ್ಯಂಟಿವೈರಸ್‌ನ ಯಾವ ಭಾಗದ ತಪ್ಪೆಂದು ಹಿಡಿಯುವ ಬಗೆ

ಟ್ಯಾಬ್ ತೆರೆದರೆ ಬಿಳಿ ಪರದೆ, ಎಲ್ಲಿ ಕ್ಲಿಕ್ ಮಾಡಿದರೂ ಅಲುಗಾಟವಿಲ್ಲ, ಹತ್ತು ಹದಿನೈದು ಸೆಕೆಂಡ್ ಕಳೆದ ಮೇಲೆ ಎಲ್ಲವೂ ಒಮ್ಮೆಲೇ ಸರಿ. ಇಲ್ಲವೇ ಕೆಲಸದ ನಡುವೆ ನೀಲಿ ಪರದೆ ಬಂದು ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್ ಕಂಪ್ಯೂಟರುಗಳಲ್ಲಿ ಈ ಎರಡಕ್ಕೂ ಆ್ಯಂಟಿವೈರಸ್ ಕಾರಣವಾಗಿರುವುದು ಅಪರೂಪವೇನಲ್ಲ. ಆದರೆ ಅನುಮಾನ ಬಂದ ಕೂಡಲೇ ಅದನ್ನು ಕಿತ್ತುಹಾಕಬೇಡಿ. ಅದರ ಜೊತೆಗೆ ಇನ್ನೊಂದನ್ನು ಹಾಕಿ ನೋಡುವುದಂತೂ ಬೇಡವೇ ಬೇಡ. ಕಿತ್ತರೆ ರಕ್ಷಣೆಯೂ ಹೋಯಿತು, ಕಾರಣವೂ ತಿಳಿಯಲಿಲ್ಲ. ಇನ್ನೊಂದನ್ನು ಹಾಕಿದರೆ ತೊಂದರೆ ದುಪ್ಪಟ್ಟು. ಆ್ಯಂಟಿವೈರಸ್ ಒಂದೇ ಪ್ರೋಗ್ರಾಂ ಅಲ್ಲ, ನಾಲ್ಕೈದು ಬೇರೆ ಬೇರೆ ಭಾಗಗಳ ಜೋಡಣೆ. ಸಾಮಾನ್ಯವಾಗಿ ತಕರಾರು ಅವುಗಳಲ್ಲಿ ಒಂದರದ್ದಾಗಿರುತ್ತದೆ. ಅದೊಂದನ್ನು ಗುರುತಿಸಿ ಆಫ್ ಮಾಡಿದರೆ ಉಳಿದ ಕಾವಲು ಹಾಗೆಯೇ ಇರುತ್ತದೆ.

ಆ್ಯಂಟಿವೈರಸ್ ಎಲ್ಲೆಲ್ಲಿ ಕುಳಿತಿರುತ್ತದೆ

ಮೊದಲನೆಯದು ಫೈಲ್ ಫಿಲ್ಟರ್. ಇದೊಂದು ಕರ್ನಲ್ ಡ್ರೈವರ್, ಅಂದರೆ ವಿಂಡೋಸ್‌ನ ತಿರುಳಿನೊಳಗೇ ಓಡುವ ಪ್ರೋಗ್ರಾಂ. ಯಾವುದೇ ಪ್ರೋಗ್ರಾಂ ಫೈಲ್ ತೆರೆಯಲು ಹೋದಾಗ ಆ ಕೋರಿಕೆ ಡಿಸ್ಕ್ ತಲುಪುವ ಮುನ್ನ ಇದರ ಕೈ ಹಾದು ಹೋಗಬೇಕು. ಫಿಲ್ಟರ್ ಫೈಲನ್ನು ಸ್ಕ್ಯಾನ್ ಮಾಡುವ ಸರ್ವಿಸ್‌ಗೆ ಒಪ್ಪಿಸುತ್ತದೆ. ಅಲ್ಲಿಂದ ಉತ್ತರ ಬರುವವರೆಗೆ ಫೈಲ್ ಕೇಳಿದ ಪ್ರೋಗ್ರಾಂ ಕಾಯುತ್ತಲೇ ಇರುತ್ತದೆ. ಬ್ರೌಸರ್ ತನ್ನ ಕ್ಯಾಶೆಗೆ (ಡಿಸ್ಕ್‌ನಲ್ಲಿನ ತಾತ್ಕಾಲಿಕ ಸಂಗ್ರಹ) ಕ್ಷಣಕ್ಷಣಕ್ಕೂ ಸಣ್ಣ ಸಣ್ಣ ಫೈಲುಗಳನ್ನು ಬರೆಯುತ್ತ, ಓದುತ್ತ ಇರುವುದರಿಂದ ಈ ಕಾಯುವಿಕೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಬ್ರೌಸರ್‌ನಲ್ಲೇ. ತಿರುಗುವ ಹಾರ್ಡ್‌ಡಿಸ್ಕ್ ಇರುವ, 4 ಜಿಬಿ ರ್‍ಯಾಮ್‌ನ ಹಳೆಯ ಯಂತ್ರದಲ್ಲಿ ಇದರ ಪೆಟ್ಟು ಹೆಚ್ಚು.

ಎರಡನೆಯದು ವೆಬ್ ಶೀಲ್ಡ್. ಬ್ರೌಸರ್ ಮತ್ತು ಇಂಟರ್ನೆಟ್ ನಡುವೆ ಕುಳಿತು ಹೋಗಿಬರುವ ಮಾಹಿತಿಯನ್ನು ಇದು ನೋಡುತ್ತದೆ. ಈಗ ಬಹುತೇಕ ಎಲ್ಲ ತಾಣಗಳೂ ಎಚ್‌ಟಿಟಿಪಿಎಸ್ ಆಗಿರುವುದರಿಂದ ಒಳಗೇನಿದೆ ಎಂದು ಕಾಣಬೇಕಾದರೆ ಗೂಢಲಿಪಿಯನ್ನು ಬಿಡಿಸಲೇಬೇಕು. ಅದಕ್ಕಾಗಿ ಆ್ಯಂಟಿವೈರಸ್ ತನ್ನದೇ ಮೂಲ ಪ್ರಮಾಣಪತ್ರವನ್ನು (ತಾಣ ಅಸಲಿ ಎಂದು ಬ್ರೌಸರ್ ನಂಬಲು ಆಧಾರವಾಗುವ ಡಿಜಿಟಲ್ ದಾಖಲೆ) ವಿಂಡೋಸ್‌ಗೆ ಸೇರಿಸಿ, ತಾಣದೊಂದಿಗೆ ತಾನು ಮಾತಾಡಿ, ಬ್ರೌಸರ್‌ಗೆ ಮತ್ತೆ ಗೂಢಲಿಪಿಯಲ್ಲಿ ಕಟ್ಟಿಕೊಡುತ್ತದೆ. ಜೊತೆಗೆ ಪ್ರತಿ ವಿಳಾಸವೂ ಸುರಕ್ಷಿತವೇ ಎಂದು ತನ್ನ ಕಂಪನಿಯ ಸರ್ವರನ್ನು ಕೇಳುವುದೂ ಉಂಟು. ಆ ಸರ್ವರ್ ತಡ ಮಾಡಿದರೆ ನಿಮ್ಮ ಪುಟವೂ ತಡ.

ಮೂರನೆಯದು ಬ್ರೌಸರ್‌ನ ಪ್ರಕ್ರಿಯೆಯ ಒಳಕ್ಕೇ ತೂರಿಸುವ ಡಿಎಲ್‌ಎಲ್ ಎಂಬ ಕೋಡ್ ಫೈಲುಗಳು. ಇವು ಬ್ರೌಸರ್‌ನ ಒಳಗಿನ ಕರೆಗಳನ್ನು ಅಡ್ಡಹಿಡಿದು ನೋಡುತ್ತವೆ. ಬ್ರೌಸರ್‌ನ ಹೊಸ ಆವೃತ್ತಿ ಬಂದು ಒಳರಚನೆ ಬದಲಾದರೆ ಇವು ಎಡವುತ್ತವೆ, ಎಡವಿದಾಗ ಬೀಳುವುದು ಬ್ರೌಸರ್. ಇಂತಹ ಕೋಡ್ ಸೇರಿಕೊಂಡ ಕಂಪ್ಯೂಟರುಗಳಲ್ಲಿ ಕ್ರೋಮ್ ಕ್ರ್ಯಾಶ್ ಆಗುವ ಸಾಧ್ಯತೆ ಶೇ 15ರಷ್ಟು ಹೆಚ್ಚು ಎಂದು ಗೂಗಲ್ 2017ರಲ್ಲಿ ಹೇಳಿ, ಅವುಗಳನ್ನು ಹಂತಹಂತವಾಗಿ ತಡೆಯುವ ಯೋಜನೆ ಪ್ರಕಟಿಸಿತ್ತು.

ನಾಲ್ಕನೆಯದು ಬ್ರೌಸರ್ ಎಕ್ಸ್‌ಟೆನ್ಷನ್. ಹುಡುಕಾಟದ ಫಲಿತಾಂಶಗಳ ಪಕ್ಕ ಹಸಿರು ಗುರುತು ಹಾಕುವುದು, ಖರೀದಿ ತಾಣಗಳಲ್ಲಿ ಎಚ್ಚರಿಕೆ ಕೊಡುವುದು ಇದರ ಕೆಲಸ. ಆಫ್ ಮಾಡಿದರೆ ಅತಿ ಕಡಿಮೆ ನಷ್ಟವಾಗುವ ಭಾಗ ಇದು. ಫೈರ್‌ವಾಲ್, ವರ್ತನೆ ಗಮನಿಸುವ ಭಾಗ, ರ್‍ಯಾನ್ಸಮ್‌ವೇರ್ ತಡೆ ಇವೆಲ್ಲ ಉಳಿದವು.

ಲಕ್ಷಣ ನೋಡಿಯೇ ಅರ್ಧ ಊಹಿಸಬಹುದು. ಬ್ರೌಸರ್ ಮಾತ್ರ ನಿಂತು, ಉಳಿದ ಪ್ರೋಗ್ರಾಂಗಳು ಓಡುತ್ತಿದ್ದರೆ ಎರಡು, ಮೂರು, ನಾಲ್ಕನೆಯ ಭಾಗಗಳ ಮೇಲೆ ಕಣ್ಣಿಡಿ. ಫೋಲ್ಡರ್ ತೆರೆಯುವುದೂ ತಡವಾಗುತ್ತಿದ್ದರೆ ಫೈಲ್ ಫಿಲ್ಟರ್. ನೀಲಿ ಪರದೆ ಬಂದರೆ ಎಕ್ಸ್‌ಟೆನ್ಷನ್ ತಂಟೆಗೆ ಹೋಗುವುದೇ ಬೇಡ, ಅಲ್ಲಿ ಹುಡುಕಬೇಕಾದ್ದು ಡ್ರೈವರುಗಳನ್ನು. ಸಾಮಾನ್ಯ ಪ್ರೋಗ್ರಾಂ ತಪ್ಪು ಮಾಡಿದರೆ ವಿಂಡೋಸ್ ಅದೊಂದನ್ನೇ ಮುಚ್ಚುತ್ತದೆ. ಕರ್ನಲ್‌ನೊಳಗಿನ ಡ್ರೈವರ್ ತಪ್ಪು ಮಾಡಿದರೆ ಇಡೀ ವ್ಯವಸ್ಥೆಯನ್ನೇ ನಿಲ್ಲಿಸದೆ ಅದಕ್ಕೆ ಬೇರೆ ದಾರಿಯಿಲ್ಲ.

ಕೈ ಹಾಕುವ ಮುನ್ನ

ಮುಖ್ಯ ಕಡತಗಳ ನಕಲನ್ನು ಬೇರೆ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಗೂಢಲಿಪೀಕರಣ) ಇದ್ದರೆ 48 ಅಂಕೆಗಳ ರಿಕವರಿ ಕೀ ಕೈಯಲ್ಲಿರಲಿ. ಕಂಪ್ಯೂಟರ್ ಬೂಟ್ ಆಗದೆ ಹೋದ ದಿನ ಆ ಕೀ ಇಲ್ಲದಿದ್ದರೆ ಮುಂದೆ ಹೇಳುವ ದುರಸ್ತಿಗಳಲ್ಲಿ ಹಲವು ಸಾಧ್ಯವೇ ಇಲ್ಲ. ವಿಂಡೋಸ್ 11 ಬಂದಿರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪೀಕರಣ ಕೇಳದೆಯೇ ಶುರುವಾಗಿರುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿದ್ದರೆ ಕೀ ಆ ಖಾತೆಯಲ್ಲೇ ಸಿಗುತ್ತದೆ. ವಿಂಡೋಸನ್ನು ಈಗಿನ ಸ್ಥಿತಿಗೆ ಮರಳಿಸಲು ನೆರವಾಗುವ ಒಂದು ರಿಸ್ಟೋರ್ ಪಾಯಿಂಟ್ ಕೂಡ ಮಾಡಿಕೊಳ್ಳಿ.

ನಂತರ ಮೊದಲು ನೋಡಬೇಕಾದ್ದು ಎರಡು ಆ್ಯಂಟಿವೈರಸ್ ಒಟ್ಟಿಗೆ ಓಡುತ್ತಿವೆಯೇ ಎಂಬುದನ್ನು. ಒಂದು ಸ್ಕ್ಯಾನ್ ಮಾಡಲು ಫೈಲ್ ತೆರೆಯುತ್ತದೆ, ತೆರೆದಿದ್ದನ್ನು ಕಂಡು ಇನ್ನೊಂದು ಅದೇ ಫೈಲನ್ನು ಸ್ಕ್ಯಾನ್ ಮಾಡಲು ನಿಲ್ಲಿಸುತ್ತದೆ. ಒಂದರ ಉತ್ತರಕ್ಕಾಗಿ ಇನ್ನೊಂದು ಕಾಯುತ್ತ ಕೂತರೆ ಇಡೀ ಯಂತ್ರ ಸ್ತಬ್ಧ. ಬೇರೆ ಕಂಪನಿಯ ಆ್ಯಂಟಿವೈರಸ್ ಸರಿಯಾಗಿ ನೋಂದಣಿಯಾಗಿದ್ದರೆ ವಿಂಡೋಸ್‌ನ ಸ್ವಂತ ಆ್ಯಂಟಿವೈರಸ್ ಆದ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಆದರೆ ಹೊರಗಿನ ಎರಡು ಉತ್ಪನ್ನಗಳಿದ್ದರೆ ಅವು ಒಂದಕ್ಕೊಂದು ದಾರಿ ಬಿಟ್ಟುಕೊಡುವುದಿಲ್ಲ. ಲ್ಯಾಪ್‌ಟಾಪ್ ಜೊತೆ ಬಂದ ಪ್ರಾಯೋಗಿಕ ಅವಧಿಯದು ಮುಗಿದ ಮೇಲೂ ಒಳಗೆ ಉಳಿದಿರುತ್ತದೆ, ಬಳಸುವವರು ಅದನ್ನು ಮರೆತು ಇನ್ನೊಂದನ್ನು ಹಾಕಿರುತ್ತಾರೆ.

ಇದನ್ನು ನೋಡಲು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಫ್, ಎಲ್, ಟಿ, ಎಂ, ಸಿ ಎಂಬ ಐದು ಅಕ್ಷರಗಳನ್ನು ಒಟ್ಟಿಗೆ ಬರೆದು ಎಂಟರ್ ಒತ್ತಿ. ಓಡುತ್ತಿರುವ ಫೈಲ್ ಫಿಲ್ಟರುಗಳ ಪಟ್ಟಿ, ಪ್ರತಿಯೊಂದರ ಎದುರು ಆಲ್ಟಿಟ್ಯೂಡ್ ಎಂಬ ಸಂಖ್ಯೆ ಕಾಣುತ್ತದೆ. ಆ್ಯಂಟಿವೈರಸ್‌ಗಳಿಗೆ ಮೈಕ್ರೋಸಾಫ್ಟ್ ಮೀಸಲಿಟ್ಟಿರುವುದು 3,20,000ದಿಂದ 3,29,998ರವರೆಗಿನ ಸಂಖ್ಯೆಗಳು. ಡಿಫೆಂಡರ್‌ನದು ಡಬ್ಲ್ಯುಡಿಫಿಲ್ಟರ್, ಸಂಖ್ಯೆ 3,28,010. ಅದನ್ನು ಬಿಟ್ಟು ಈ ವ್ಯಾಪ್ತಿಯಲ್ಲಿ ಎರಡು ಬೇರೆ ಕಂಪನಿಗಳ ಫಿಲ್ಟರ್ ಇದ್ದರೆ ತೊಂದರೆಯ ಬೇರು ಅಲ್ಲೇ ಇರಬಹುದು. ಒಂದೇ ಕಂಪನಿಯ ಎರಡು ಮೂರು ಫಿಲ್ಟರ್ ಕಂಡರೆ ಗಾಬರಿ ಬೇಡ, ಅದು ಸಹಜ.

ಅಪ್‌ಡೇಟ್ ಬಾಕಿಯಿದ್ದರೆ ಈಗಲೇ ಮುಗಿಸಿ. ವೈರಸ್ ಪಟ್ಟಿಯದು ಮಾತ್ರವಲ್ಲ, ಪ್ರೋಗ್ರಾಂ ಮತ್ತು ಎಂಜಿನ್‌ನದು ಕೂಡ. ಫೈರ್‌ಫಾಕ್ಸ್ ಓಡುವಾಗ ಡಿಫೆಂಡರ್ ಸಿಪಿಯುವನ್ನು ಅತಿಯಾಗಿ ಬಳಸುತ್ತದೆ ಎಂಬ ದೂರು 2018ರಲ್ಲಿ ದಾಖಲಾಗಿ, ಪರಿಹಾರ ಸಿಕ್ಕಿದ್ದು 2023ರ ಏಪ್ರಿಲ್‌ನಲ್ಲಿ. ಮೆಮೊರಿಯ ರಕ್ಷಣೆ ಬದಲಿಸುವ ಒಂದು ಕರೆಯನ್ನು ಫೈರ್‌ಫಾಕ್ಸ್ ಪದೇ ಪದೇ ಮಾಡುತ್ತಿತ್ತು, ಅಂತಹ ಪ್ರತಿ ಘಟನೆಗೂ ಡಿಫೆಂಡರ್ ಮಾಡುತ್ತಿದ್ದ ಲೆಕ್ಕಾಚಾರ ಬಹಳ ಭಾರವಾಗಿತ್ತು. ಎಂಜಿನ್‌ನ 1.1.20200.4 ಆವೃತ್ತಿಯಲ್ಲಿ ಅದು ಸರಿಯಾಯಿತು. ಐದು ವರ್ಷ ಬಳಕೆದಾರರು ಬ್ರೌಸರನ್ನು ಬೈದದ್ದು, ಸೆಟ್ಟಿಂಗ್ ತಿದ್ದಿದ್ದು ಯಾವುದೂ ಫಲ ಕೊಡಲಿಲ್ಲ, ಕೊಟ್ಟದ್ದು ಎಂಜಿನ್ ಅಪ್‌ಡೇಟ್. ನಿಮ್ಮ ಆವೃತ್ತಿ ಯಾವುದೆಂದು ವಿಂಡೋಸ್ ಸೆಕ್ಯುರಿಟಿ ತೆರೆದು, ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಎಂಬಲ್ಲಿ ನೋಡಬಹುದು.

ಬ್ರೌಸರ್ ನಿಲ್ಲುತ್ತಿದ್ದರೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಪಕ್ಕದಲ್ಲಿ ಇಟ್ಟುಕೊಳ್ಳಿ. ಬ್ರೌಸರ್ ನಿಂತ ಕ್ಷಣದಲ್ಲಿ ಸಿಪಿಯು ಮತ್ತು ಡಿಸ್ಕ್ ಕಾಲಂಗಳನ್ನು ಗಮನಿಸಿ. ಆ್ಯಂಟಿವೈರಸ್‌ನ ಪ್ರಕ್ರಿಯೆ ಮೇಲೆದ್ದು ಬಂದರೆ (ಡಿಫೆಂಡರ್‌ನದಾದರೆ ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟೆಬಲ್ ಎಂಬ ಹೆಸರಿರುತ್ತದೆ) ಅದು ಏನನ್ನೋ ಸ್ಕ್ಯಾನ್ ಮಾಡುತ್ತಿದೆ. ಯಾವುದೂ ಏರದೆ, ಸಿಪಿಯು ತಣ್ಣಗಿದ್ದೂ ಬ್ರೌಸರ್ ನಿಂತಿದ್ದರೆ ಅದು ಯಾರ ಉತ್ತರಕ್ಕೋ ಕಾಯುತ್ತಿದೆ ಎಂದರ್ಥ. ಆಗ ವೆಬ್ ಶೀಲ್ಡ್ ಅಥವಾ ಪರಸ್ಪರ ಕಾಯುವ ಬಿಕ್ಕಟ್ಟಿನ ಕಡೆ ನೋಡಬೇಕು. ಕ್ರೋಮ್ ಮತ್ತು ಎಡ್ಜ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಬ್ರೌಸರ್‌ನದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಒಂದೇ ಟ್ಯಾಬ್ ಸಿಪಿಯು ತಿನ್ನುತ್ತಿದ್ದರೆ ತಪ್ಪು ಆ ಪುಟದ್ದು, ಆ್ಯಂಟಿವೈರಸ್‌ನದಲ್ಲ.

ಈಗ ಒಂದೊಂದೇ ಭಾಗವನ್ನು ಆಫ್ ಮಾಡಿ ನೋಡಿ. ನಿಯಮ ಒಂದೇ: ಒಂದು ಸಲಕ್ಕೆ ಒಂದು ಬದಲಾವಣೆ, ನಂತರ ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯುವುದು, ತೊಂದರೆ ಸಾಮಾನ್ಯವಾಗಿ ಬರುವ ಅವಧಿಗಿಂತ ಹೆಚ್ಚು ಹೊತ್ತು ಬಳಸಿ ನೋಡುವುದು. ದಿನಕ್ಕೊಮ್ಮೆ ಹ್ಯಾಂಗ್ ಆಗುವ ಬ್ರೌಸರನ್ನು ಹತ್ತು ನಿಮಿಷ ನೋಡಿ ಸರಿಹೋಯಿತು ಎನ್ನಲಾಗದು.

ಆರಂಭ ಎಕ್ಸ್‌ಟೆನ್ಷನ್‌ನಿಂದ. ಬ್ರೌಸರ್‌ನ ಎಕ್ಸ್‌ಟೆನ್ಷನ್ ಪುಟದಲ್ಲಿ ಆ್ಯಂಟಿವೈರಸ್‌ನದನ್ನು ಆಫ್ ಮಾಡಿ. ಫೈರ್‌ಫಾಕ್ಸ್ ಆದರೆ ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟ್ ಮೋಡ್ ಇದೆ, ಎಲ್ಲ ಎಕ್ಸ್‌ಟೆನ್ಷನ್‌ಗಳನ್ನೂ ತಾತ್ಕಾಲಿಕವಾಗಿ ಬದಿಗಿಟ್ಟು ತೆರೆಯುತ್ತದೆ. ಆದರೆ ಈ ಮೋಡ್ ಹಾರ್ಡ್‌ವೇರ್ ಆಕ್ಸಲರೇಷನ್ (ಚಿತ್ರಣದ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವುದು) ಅನ್ನೂ ಆಫ್ ಮಾಡುತ್ತದೆ. ಇಲ್ಲಿ ಸರಿಹೋದರೆ ಕಾರಣ ಎಕ್ಸ್‌ಟೆನ್ಷನ್ ಆಗಿರಬಹುದು, ಗ್ರಾಫಿಕ್ಸ್ ಡ್ರೈವರ್ ಕೂಡ ಆಗಿರಬಹುದು. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ.

ಮುಂದಿನದು ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್. ಬ್ರೌಸರ್ ತೊಂದರೆಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಇದು ಓಡುತ್ತಿದೆಯೇ ಎಂದು ತಿಳಿಯಲು ಯಾವುದಾದರೂ ತಾಣ ತೆರೆದು, ವಿಳಾಸದ ಎಡಬದಿಯ ಚಿಹ್ನೆ ಒತ್ತಿ, ಸಂಪರ್ಕದ ವಿವರದಿಂದ ಪ್ರಮಾಣಪತ್ರ ತೆರೆಯಿರಿ. ಇಶ್ಯೂಡ್ ಬೈ ಎಂಬಲ್ಲಿ ಆ್ಯಂಟಿವೈರಸ್‌ನ ಹೆಸರಿದ್ದರೆ ನಿಮ್ಮ ದಟ್ಟಣೆ ಅದರ ಕೈಯಿಂದಲೇ ಹಾದು ಬರುತ್ತಿದೆ. ಎರಡು ಮೂರು ತಾಣಗಳಲ್ಲಿ ನೋಡಿ, ಬ್ಯಾಂಕ್ ತಾಣಗಳನ್ನು ಕೆಲವು ಉತ್ಪನ್ನಗಳು ತಾವೇ ಬಿಟ್ಟುಬಿಡುತ್ತವೆ. ಆಫ್ ಮಾಡುವ ಗುಂಡಿಯ ಹೆಸರು ಉತ್ಪನ್ನದಿಂದ ಉತ್ಪನ್ನಕ್ಕೆ ಬೇರೆ. ಅವಾಸ್ಟ್‌ನಲ್ಲಿ ವೆಬ್ ಶೀಲ್ಡ್ ಕೆಳಗೆ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್, ಬಿಟ್‌ಡಿಫೆಂಡರ್‌ನಲ್ಲಿ ಎನ್‌ಕ್ರಿಪ್ಟೆಡ್ ವೆಬ್ ಸ್ಕ್ಯಾನ್, ಇಸೆಟ್‌ನಲ್ಲಿ ಎಸ್‌ಎಸ್‌ಎಲ್‌/ಟಿಎಲ್‌ಎಸ್, ಕ್ಯಾಸ್ಪರ್‌ಸ್ಕಿಯಲ್ಲಿ ಎನ್‌ಕ್ರಿಪ್ಟೆಡ್ ಕನೆಕ್ಷನ್ಸ್ ಸ್ಕ್ಯಾನಿಂಗ್. ಆಫ್ ಮಾಡಿದ ಮೇಲೆ ಬ್ರೌಸರ್ ಮುಚ್ಚಿ ತೆರೆದು, ಪ್ರಮಾಣಪತ್ರ ಮತ್ತೆ ನೋಡಿ, ಹೆಸರು ಬದಲಾಗಿದೆ ಎಂದು ಖಾತ್ರಿ ಮಾಡಿಕೊಂಡೇ ಪರೀಕ್ಷೆ ಶುರುಮಾಡಿ.

ಇದನ್ನು ಕಾಯಂ ಆಗಿ ಆಫ್ ಮಾಡಿದರೆ ಅಪಾಯವಲ್ಲವೇ? ಸ್ವಲ್ಪ ರಕ್ಷಣೆ ಕಡಿಮೆಯಾಗುವುದು ನಿಜ. ಆದರೆ ಡೌನ್‌ಲೋಡ್ ಆದ ಫೈಲ್ ಡಿಸ್ಕ್‌ಗೆ ಇಳಿಯುವಾಗ ಫೈಲ್ ಫಿಲ್ಟರ್ ಅದನ್ನು ನೋಡಿಯೇ ನೋಡುತ್ತದೆ, ಮೋಸದ ತಾಣಗಳ ಪಟ್ಟಿ ಬ್ರೌಸರ್‌ನಲ್ಲೂ ಇರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮನೆಯ ಕಂಪ್ಯೂಟರ್‌ಗೆ ಇದು ಒಪ್ಪಬಹುದಾದ ಕೊಡುಕೊಳ್ಳುವಿಕೆ. ಫೈಲ್ ಫಿಲ್ಟರನ್ನು ಆಫ್ ಮಾಡಿಟ್ಟು ಬಳಸುವುದನ್ನು ಮಾತ್ರ ಒಪ್ಪಲಾಗದು. ಕಚೇರಿಯ ಕಂಪ್ಯೂಟರ್ ಆದರೆ ಈ ನಿರ್ಧಾರ ಅಲ್ಲಿನ ಐಟಿ ವಿಭಾಗದ್ದು, ಅವರನ್ನು ಕೇಳದೆ ಯಾವುದನ್ನೂ ಬದಲಿಸಬೇಡಿ.

ಇದೇ ಭಾಗಕ್ಕೆ ಸೇರಿದ ಇನ್ನೊಂದು ಲಕ್ಷಣ: ಕ್ರೋಮ್ ಚೆನ್ನಾಗಿದ್ದು ಫೈರ್‌ಫಾಕ್ಸ್‌ನಲ್ಲಿ ಮಾತ್ರ ಪ್ರತಿ ತಾಣಕ್ಕೂ ಪ್ರಮಾಣಪತ್ರದ ಎಚ್ಚರಿಕೆ. ಫೈರ್‌ಫಾಕ್ಸ್ ತನ್ನದೇ ಪ್ರಮಾಣಪತ್ರಗಳ ಸಂಗ್ರಹ ಇಟ್ಟುಕೊಳ್ಳುತ್ತದೆ. ಆ್ಯಂಟಿವೈರಸ್‌ನ ಪ್ರಮಾಣಪತ್ರ ಅಲ್ಲಿಗೆ ತಲುಪದಿದ್ದರೆ ಹೀಗಾಗುತ್ತದೆ. ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಆನ್ ಮಾಡಿದರೆ ಪ್ರಮಾಣಪತ್ರ ಹೊಸದಾಗಿ ಸೇರುವುದುಂಟು. ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವ ಗುಂಡಿಯನ್ನಂತೂ ಒತ್ತುವ ಅಭ್ಯಾಸ ಬೇಡ.

ಆಮೇಲೆ ಒಳಕ್ಕೆ ತೂರಿದ ಡಿಎಲ್‌ಎಲ್‌ಗಳು. ಕ್ರೋಮ್‌ನ ವಿಳಾಸಪಟ್ಟಿಯಲ್ಲಿ ಕ್ರೋಮ್ ಎಂದು ಬರೆದು, ಕೋಲನ್, ಎರಡು ಓರೆಗೆರೆ, ಕಾನ್‌ಫ್ಲಿಕ್ಟ್ಸ್ ಎಂದು ಸೇರಿಸಿ ಎಂಟರ್ ಒತ್ತಿದರೆ ಒಳಗೆ ಲೋಡ್ ಆಗಿರುವ ಮಾಡ್ಯೂಲ್‌ಗಳ ಪಟ್ಟಿ ಬರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಅಬೌಟ್, ಕೋಲನ್, ಥರ್ಡ್, ಅಡ್ಡಗೆರೆ, ಪಾರ್ಟಿ. ಫೈರ್‌ಫಾಕ್ಸ್‌ನ ಪಟ್ಟಿ ಹೆಚ್ಚು ಉಪಯುಕ್ತ, ಯಾವ ಮಾಡ್ಯೂಲ್ ಕ್ರ್ಯಾಶ್‌ನಲ್ಲಿ ಭಾಗಿ ಎಂದು ಅದು ಗುರುತು ಹಾಕಿ ತೋರಿಸುತ್ತದೆ. 110ನೇ ಆವೃತ್ತಿಯಿಂದ ಮಾಡ್ಯೂಲ್ ಒಂದನ್ನು ಅಲ್ಲೇ ತಡೆಯುವ ಗುಂಡಿಯೂ ಇದೆ. ಆ್ಯಂಟಿವೈರಸ್‌ನ ಬ್ಯಾಂಕಿಂಗ್ ರಕ್ಷಣೆ, ಕೀಲಿಮಣೆ ರಕ್ಷಣೆ, ಎಕ್ಸ್‌ಪ್ಲಾಯ್ಟ್ ತಡೆ ಮುಂತಾದ ಸೌಲಭ್ಯಗಳು ಹೀಗೆ ಒಳನುಗ್ಗುವಂಥವು. ತಡೆಯುವುದಕ್ಕಿಂತ ಆ್ಯಂಟಿವೈರಸ್‌ನಲ್ಲೇ ಆ ಸೌಲಭ್ಯವನ್ನು ಆಫ್ ಮಾಡುವುದು ಸ್ವಚ್ಛವಾದ ದಾರಿ.

ಇಷ್ಟಾದರೂ ಬ್ರೌಸರ್ ನಿಲ್ಲುತ್ತಿದ್ದರೆ ಕೊನೆಯದಾಗಿ ರಿಯಲ್‌ಟೈಮ್ ರಕ್ಷಣೆಯನ್ನು (ಫೈಲ್ ತೆರೆದಾಗಲೆಲ್ಲ ನಡೆಯುವ ತಪಾಸಣೆ) 10 ನಿಮಿಷ ಮಾತ್ರ ಆಫ್ ಮಾಡಿ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದೆರಡು ತಾಣಗಳಲ್ಲಿ ಮಾತ್ರ ನೋಡಿ. ಹೊಸದೇನನ್ನೂ ಡೌನ್‌ಲೋಡ್ ಮಾಡಬೇಡಿ. ಒಂದು ಎಚ್ಚರ: ರಕ್ಷಣೆ ಆಫ್ ಎಂದು ತೋರಿಸಿದರೂ ಡ್ರೈವರುಗಳು ಕರ್ನಲ್‌ನಲ್ಲಿ ಉಳಿದೇ ಇರುತ್ತವೆ. ಹಾಗಾಗಿ ಆಫ್ ಮಾಡಿದರೂ ತೊಂದರೆ ಹೋಗಲಿಲ್ಲ ಎಂದ ಮಾತ್ರಕ್ಕೆ ಆ್ಯಂಟಿವೈರಸ್ ನಿರ್ದೋಷಿ ಎಂದು ತೀರ್ಮಾನಿಸಲಾಗದು. ಆ ತೀರ್ಪಿಗೆ ಪೂರ್ತಿ ತೆಗೆದು ನೋಡಲೇಬೇಕು.

ಇಡೀ ಯಂತ್ರವೇ ನಿಧಾನವಾದರೆ

ದಿನದ ಒಂದೇ ಹೊತ್ತಿಗೆ ನಿಧಾನವಾಗುತ್ತಿದ್ದರೆ ಅದು ನಿಗದಿತ ಸ್ಕ್ಯಾನ್. ಸಮಯ ಬದಲಿಸಿದರೆ ಸಾಕು. ಡಿಫೆಂಡರ್‌ನ ನಿಗದಿತ ಸ್ಕ್ಯಾನ್ ಸರಾಸರಿ ಸಿಪಿಯುವಿನ ಶೇ 50ರವರೆಗೆ ಬಳಸಬಹುದೆಂಬುದು ಮೂಲ ಹೊಂದಿಕೆ, ಪವರ್‌ಶೆಲ್‌ನಲ್ಲಿ ಇದನ್ನು ಶೇ 20ಕ್ಕೆ ಇಳಿಸಬಹುದು. ರಿಯಲ್‌ಟೈಮ್ ಸ್ಕ್ಯಾನ್‌ಗೆ ಈ ಮಿತಿ ಅನ್ವಯಿಸುವುದಿಲ್ಲ, ಹಗಲಿಡೀ ನಿಧಾನವಿರುವ ಯಂತ್ರಕ್ಕೆ ಇದರಿಂದ ಪ್ರಯೋಜನವಿಲ್ಲ.

ಎಕ್ಸ್‌ಕ್ಲೂಷನ್, ಅಂದರೆ ಸ್ಕ್ಯಾನ್‌ನಿಂದ ಹೊರಗಿಡುವ ಪಟ್ಟಿ, ಕೆಲಸಕ್ಕೆ ಬರುವ ಉಪಾಯ. ವರ್ಚುವಲ್ ಮಷಿನ್‌ನ ದೊಡ್ಡ ಡಿಸ್ಕ್ ಫೈಲುಗಳು, ಡೇಟಾಬೇಸ್ ಫೈಲುಗಳು, ಕೋಡ್ ಕಂಪೈಲ್ ಆಗಿ ಬೀಳುವ ಫೋಲ್ಡರ್ ಇವುಗಳನ್ನು ಹೊರಗಿಟ್ಟರೆ ವೇಗ ಕಾಣುತ್ತದೆ. ಡೌನ್‌ಲೋಡ್ಸ್ ಫೋಲ್ಡರ್, ಟೆಂಪ್ ಫೋಲ್ಡರ್, ಬ್ರೌಸರ್‌ನ ಪ್ರಕ್ರಿಯೆ ಇವನ್ನು ಮಾತ್ರ ಎಂದಿಗೂ ಸೇರಿಸಬೇಡಿ. ಡಿಫೆಂಡರ್‌ನಲ್ಲಿ ಬ್ರೌಸರ್ ಪ್ರಕ್ರಿಯೆಯನ್ನು ಹೊರಗಿಟ್ಟರೆ ಆ ಬ್ರೌಸರ್ ತೆರೆಯುವ, ಬರೆಯುವ ಫೈಲುಗಳೆಲ್ಲ ರಿಯಲ್‌ಟೈಮ್ ತಪಾಸಣೆ ತಪ್ಪಿಸಿಕೊಳ್ಳುತ್ತವೆ. ಬ್ರೌಸರ್ ವೇಗವಾಗಲಿ ಎಂದು ಹಲವರು ಕೊಡುವ ಸಲಹೆಯೇ ಇದು. ಕಳ್ಳ ಬರುವ ಬಾಗಿಲಿಗೇ ಕಾವಲು ತೆಗೆದಂತೆ.

ನೀಲಿ ಪರದೆ ಬಂದರೆ

ಪರದೆ ಕಣ್ಣು ಮಿಟುಕಿಸುವುದರಲ್ಲಿ ಹೋಗಿಬಿಡುತ್ತಿದ್ದರೆ ಸಿಸ್ಟಮ್ ಪ್ರಾಪರ್ಟೀಸ್, ಅಡ್ವಾನ್ಸ್‌ಡ್, ಸ್ಟಾರ್ಟಪ್ ಆ್ಯಂಡ್ ರಿಕವರಿ ಎಂಬಲ್ಲಿ ಆಟೊಮ್ಯಾಟಿಕಲಿ ರೀಸ್ಟಾರ್ಟ್ ಎಂಬುದರ ಗುರುತು ತೆಗೆಯಿರಿ. ಅಲ್ಲೇ ಸ್ಮಾಲ್ ಮೆಮೊರಿ ಡಂಪ್ ಆರಿಸಿ, ಕ್ರ್ಯಾಶ್ ಆದ ಕ್ಷಣದ ವಿವರ ಒಂದು ಸಣ್ಣ ಫೈಲಿನಲ್ಲಿ ಉಳಿಯುತ್ತದೆ. ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಈ ಪರದೆ ನೀಲಿಯ ಬದಲು ಕಪ್ಪಾಗಿರುತ್ತದೆ, ಅರ್ಥ ಅದೇ.

ಪರದೆಯ ಮೇಲಿನ ಸ್ಟಾಪ್ ಕೋಡ್ ಬರೆದಿಟ್ಟುಕೊಳ್ಳಿ. ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ, ಸಿಸ್ಟಮ್ ಸರ್ವಿಸ್ ಎಕ್ಸೆಪ್ಷನ್, ಡ್ರೈವರ್ ಐಆರ್‌ಕ್ಯುಎಲ್ ನಾಟ್ ಲೆಸ್ ಆರ್ ಈಕ್ವಲ್ ಇವುಗಳ ಹಿಂದೆ ಕೆಟ್ಟ ಡ್ರೈವರ್ ಇರಬಹುದು. ಡಬ್ಲ್ಯುಎಚ್‌ಇಎ ಅನ್‌ಕರೆಕ್ಟಬಲ್ ಎರರ್ ಬಂದರೆ ಹಾರ್ಡ್‌ವೇರ್ ನೋಡಿ, ಆ್ಯಂಟಿವೈರಸ್ ಮುಟ್ಟಬೇಡಿ. ಕೋಡ್ ಒಂದರಿಂದಲೇ ಅಪರಾಧಿ ಸಿಗುವುದಿಲ್ಲ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನೊಳಗೆ ಮಿನಿಡಂಪ್ ಎಂಬ ಫೋಲ್ಡರ್ ಇರುತ್ತದೆ. ಅದರಲ್ಲಿನ ಫೈಲುಗಳನ್ನು ನಿರ್‌ಸಾಫ್ಟ್‌ನ ಬ್ಲೂಸ್ಕ್ರೀನ್‌ವ್ಯೂ ಎಂಬ ಉಚಿತ ಸಾಧನದಲ್ಲೋ ಮೈಕ್ರೋಸಾಫ್ಟ್‌ನ ವಿನ್‌ಡಿಬಿಜಿಯಲ್ಲೋ ತೆರೆಯಿರಿ. ಕನಿಷ್ಠ ಮೂರು ಡಂಪ್ ಹೋಲಿಸಿ ನೋಡುವುದು ಒಳ್ಳೆಯದು. ಮೂರರಲ್ಲೂ ಅದೇ ಡ್ರೈವರ್ ಇದ್ದರೆ ನಂಬಬಹುದು, ಒಂದೊಂದರಲ್ಲಿ ಒಂದೊಂದು ಹೆಸರಿದ್ದರೆ ರ್‍ಯಾಮ್ ಪರೀಕ್ಷಿಸಿ.

ಇಲ್ಲಿ ಎಡವುವವರು ಬಹಳ. ಡಂಪ್‌ನಲ್ಲಿ ಎನ್‌ಟಿಒಎಸ್‌ಕರ್ನಲ್ ಎಂದು ಕಂಡ ಕೂಡಲೇ ವಿಂಡೋಸ್ ಕೆಟ್ಟಿದೆ ಎಂದು ಮರುಸ್ಥಾಪನೆಗೆ ಹೊರಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ತಪ್ಪು ಪತ್ತೆಯಾದ ಜಾಗ ಕರ್ನಲ್, ತಪ್ಪು ಮಾಡಿದ್ದು ಬೇರೆ ಯಾರೋ ಆಗಿರಬಹುದು. ಕರೆಗಳ ಸರಪಳಿಯಲ್ಲಿ ಅದರ ಕೆಳಗಿನ ಹೆಸರುಗಳನ್ನು ಓದಬೇಕು. ಎಫ್‌ಎಲ್‌ಟಿಎಂಜಿಆರ್ ಎಂದಿದ್ದರೆ ಅದು ಫೈಲ್ ಫಿಲ್ಟರುಗಳನ್ನು ನಡೆಸುವ ವಿಂಡೋಸ್‌ನ ಭಾಗ, ಅದರ ಅಕ್ಕಪಕ್ಕ ಯಾರ ಫಿಲ್ಟರ್ ಇದೆ ನೋಡಿ. ನೆಟ್‌ಐಒ ಅಥವಾ ಟಿಸಿಪಿಐಪಿ ಎಂದಿದ್ದರೆ ವೆಬ್ ಶೀಲ್ಡ್‌ನ, ಫೈರ್‌ವಾಲ್‌ನ ಅಥವಾ ವಿಪಿಎನ್‌ನ ಡ್ರೈವರ್ ಹುಡುಕಿ. ಆ್ಯಂಟಿವೈರಸ್ ಮತ್ತು ವಿಪಿಎನ್ ಎರಡೂ ಒಂದೇ ಜಾಲದ ಪದರದಲ್ಲಿ ಕುಳಿತು ಡಿಕ್ಕಿ ಹೊಡೆಯುವುದುಂಟು.

ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಹುಡುಕಿದರೆ ಸಿಗುವ ರಿಲಯಬಿಲಿಟಿ ಹಿಸ್ಟರಿಯನ್ನೂ ಬಿಡಬೇಡಿ. ಮೊದಲ ಕೆಂಪು ಗುರುತು ಯಾವ ದಿನ ಬಂತು, ಅದಕ್ಕೆ ಹಿಂದಿನ ದಿನ ಏನು ಅಪ್‌ಡೇಟ್ ಆಗಿತ್ತು ಎಂದು ಅಲ್ಲಿ ಕಾಣುತ್ತದೆ. ವಿಂಡೋಸ್ ಅಪ್‌ಡೇಟ್ ಆದ ಮರುಗಳಿಗೆ ತೊಂದರೆ ಶುರುವಾದರೂ ಕಾರಣ ಆ್ಯಂಟಿವೈರಸ್ ಆಗಿರಬಹುದು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷದ ಪರಿಹಾರ ಬಂದಾಗ ಕೆಲವು ಆ್ಯಂಟಿವೈರಸ್‌ಗಳು ಕರ್ನಲ್ ಮೆಮೊರಿಯನ್ನು ಅನುಮತಿಯಿಲ್ಲದ ರೀತಿಯಲ್ಲಿ ಮುಟ್ಟುತ್ತಿದ್ದುದರಿಂದ ನೀಲಿ ಪರದೆ ಬರುತ್ತಿತ್ತು. ಹೊಂದಿಕೊಳ್ಳುತ್ತೇನೆ ಎಂದು ಆ್ಯಂಟಿವೈರಸ್ ರಿಜಿಸ್ಟ್ರಿಯಲ್ಲಿ ಗುರುತು ಹಾಕುವವರೆಗೆ ಮೈಕ್ರೋಸಾಫ್ಟ್ ಆ ಅಪ್‌ಡೇಟನ್ನೇ ಕೊಡಲಿಲ್ಲ. 2019ರ ಏಪ್ರಿಲ್ ಅಪ್‌ಡೇಟ್ ಬಳಿಕ ಸೋಫೋಸ್, ಅವಾಸ್ಟ್, ಅವಿರಾ ಇದ್ದ ಹಲವು ಕಂಪ್ಯೂಟರುಗಳು ಶುರುವಾಗುವಾಗಲೇ ನಿಂತವು.

ಬೂಟ್ ಆಗದೇ ಹೋದರೆ

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್ ಫೈಲ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಒಳಗಿನ ಕೋಡ್ 20 ಮಾಹಿತಿ ಅಂಕಣಗಳನ್ನು ಒದಗಿಸುತ್ತಿದ್ದರೆ ಹೊಸ ಫೈಲ್ 21ನೆಯದನ್ನೂ ಓದಲು ಹೇಳುತ್ತಿತ್ತು. ಇಲ್ಲದ ಜಾಗವನ್ನು ಓದಲು ಹೋದ ಡ್ರೈವರ್ ವಿಂಡೋಸನ್ನೇ ಬೀಳಿಸಿತು. ಕಂಪನಿ ಅದನ್ನು ಒಂದೂವರೆ ಗಂಟೆಯೊಳಗೆ ಹಿಂದೆ ಪಡೆದರೂ ಬಿದ್ದ ಯಂತ್ರಗಳಲ್ಲಿ ಬಹಳಷ್ಟನ್ನು ಒಂದೊಂದಾಗಿ ಸೇಫ್ ಮೋಡ್‌ಗೆ (ಅತ್ಯಗತ್ಯ ಡ್ರೈವರುಗಳಷ್ಟೇ ಓಡುವ ಸ್ಥಿತಿ) ಒಯ್ದು ಆ ಫೈಲ್ ಅಳಿಸಬೇಕಾಯಿತು. ಆ ದಿನ ಬಿಟ್‌ಲಾಕರ್ ಕೀ ಇದ್ದವರ ಕೆಲಸ ಬೇಗ ಮುಗಿಯಿತು.

ಇಂಥ ಸ್ಥಿತಿಯಲ್ಲಿ ಹೀಗೆ ಮಾಡಿ. ಕಂಪ್ಯೂಟರ್ ಶುರುವಾಗುವಾಗ ಪವರ್ ಗುಂಡಿಯನ್ನು 10 ಸೆಕೆಂಡ್ ಒತ್ತಿಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗಾದರೆ ರಿಕವರಿ ಪರದೆ ತಾನೇ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂದು ಸಾಗಿ. ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ನೆಟ್‌ವರ್ಕ್ ಸಹಿತ ಸೇಫ್ ಮೋಡ್. 8ನೆಯದು ಶುರುವಿನಲ್ಲೇ ಓಡುವ ಆ್ಯಂಟಿಮಾಲ್‌ವೇರ್ ತಪಾಸಣೆಯನ್ನು ಆ ಒಂದು ಬೂಟ್‌ಗೆ ಮಾತ್ರ ಬಿಡಿಸುತ್ತದೆ. ಬೂಟ್‌ಗೆ ಬೇಕಾದ ಡ್ರೈವರೊಂದನ್ನು ಆ ತಪಾಸಣೆ ತಪ್ಪಾಗಿ ತಡೆದಿದ್ದರೆ ಇದು ದಾರಿ ಬಿಡುತ್ತದೆ. ಸೇಫ್ ಮೋಡ್‌ನಲ್ಲಿ ಗಟ್ಟಿಯಾಗಿ ಓಡಿ, ಸಾಮಾನ್ಯ ಮೋಡ್‌ನಲ್ಲಿ ಬಿದ್ದರೆ ಹೊರಗಿನ ಡ್ರೈವರ್ ಒಂದರ ಮೇಲಿನ ಅನುಮಾನ ಬಲವಾಗುತ್ತದೆ.

ಆ್ಯಂಟಿವೈರಸ್ ವಿಂಡೋಸ್‌ನ ಫೈಲನ್ನೇ ವೈರಸ್ ಎಂದು ಎತ್ತಿಹಾಕಿದ್ದೂ ಕಾರಣವಿರಬಹುದು. 2010ರ ಏಪ್ರಿಲ್ 21ರಂದು ಮ್ಯಾಕಫೀಯ 5958 ಸಂಖ್ಯೆಯ ಪಟ್ಟಿ ವಿಂಡೋಸ್ ಎಕ್ಸ್‌ಪಿಯ ಎಸ್‌ವಿಸಿಹೋಸ್ಟ್ ಫೈಲನ್ನು ಹಾಗೆ ಗುರುತಿಸಿ, ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುವಂತಾಯಿತು. ಆ್ಯಂಟಿವೈರಸ್ ಎತ್ತಿ ಪ್ರತ್ಯೇಕವಾಗಿಟ್ಟ ಫೈಲುಗಳ ಪಟ್ಟಿ, ಅಂದರೆ ಕ್ವಾರಂಟೈನ್ ಪಟ್ಟಿ ತೆರೆದು, ತೊಂದರೆ ಶುರುವಾದ ದಿನ ಏನು ಸೇರಿದೆ ನೋಡಿ. ವಿಂಡೋಸ್ ಫೋಲ್ಡರ್‌ನ ಫೈಲ್ ಇದ್ದರೆ ಮೊದಲು ವೈರಸ್ ಪಟ್ಟಿ ಅಪ್‌ಡೇಟ್ ಮಾಡಿ, ಆಮೇಲೆ ವಾಪಸ್ ತನ್ನಿ. ಮೊದಲೇ ತಂದರೆ ಮತ್ತೆ ಎತ್ತಿಕೊಂಡು ಹೋಗುತ್ತದೆ. ನಂತರ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಫ್‌ಸಿ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ, ಸ್ಕ್ಯಾನ್‌ನೌ ಎಂದು ಸೇರಿಸಿ ಓಡಿಸಿ, ಉಳಿದ ಫೈಲುಗಳು ಸರಿಯಿವೆಯೇ ನೋಡಿ.

ಪೂರ್ತಿ ತೆಗೆದು ಮತ್ತೆ ಹಾಕುವುದು

ಆ್ಯಂಟಿವೈರಸ್‌ನ ಸ್ವರಕ್ಷಣೆ ಸೌಲಭ್ಯವನ್ನು ಮೊದಲು ಆಫ್ ಮಾಡಿ, ಇಲ್ಲದಿದ್ದರೆ ಅದು ತನ್ನ ಫೈಲುಗಳನ್ನು ಅಳಿಸಲು ಬಿಡುವುದಿಲ್ಲ. ಲೈಸೆನ್ಸ್ ಕೀ ಬರೆದಿಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಇರುವಾಗ ಶಟ್‌ಡೌನ್ ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ಗೆ ಉಳಿಸಿಟ್ಟು ಮರಳಿ ತರುತ್ತದೆ, ಹಳೆಯ ಡ್ರೈವರುಗಳು ಹಾಗೆಯೇ ಬರುತ್ತವೆ. ಬಳಿಕ ಆಯಾ ಕಂಪನಿಯೇ ಕೊಡುವ ರಿಮೂವಲ್ ಸಾಧನವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು ಓಡಿಸಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ ಓಡದ ಕಾರಣ ಸಾಮಾನ್ಯ ಅನ್‌ಇನ್‌ಸ್ಟಾಲ್ ಅಲ್ಲಿ ವಿಫಲವಾಗುತ್ತದೆ, ಈ ಸಾಧನಗಳು ಅಲ್ಲಿ ನೆರವಿಗೆ ಬರುತ್ತವೆ.

ಮತ್ತೆ ಆ ಐದಕ್ಷರದ ಕಮಾಂಡ್ ಓಡಿಸಿ ಹಳೆಯ ಫಿಲ್ಟರ್ ಹೋಗಿದೆಯೇ ನೋಡಿ. ಉಳಿದಿದ್ದರೆ ಡ್ರೈವರ್ ಫೈಲನ್ನು ಕೈಯಾರೆ ಅಳಿಸಲು ಹೋಗಬೇಡಿ. ಡಿಸ್ಕ್, ಕೀಬೋರ್ಡ್‌ನಂಥ ಸಾಧನಗಳ ರಿಜಿಸ್ಟ್ರಿ ಪಟ್ಟಿಯಲ್ಲಿ ಅದರ ಹೆಸರು ಉಳಿದು ಫೈಲ್ ಮಾತ್ರ ಇಲ್ಲವಾದರೆ ಆ ಸಾಧನವೇ ಕೆಲಸ ಮಾಡುವುದಿಲ್ಲ, ವಿಂಡೋಸ್ ಬೂಟ್ ಆಗದೆ ಹೋಗಬಹುದು. ರಿಮೂವಲ್ ಸಾಧನವನ್ನು ಇನ್ನೊಮ್ಮೆ ಓಡಿಸುವುದೇ ಸರಿ. ತೆಗೆದ ಮೇಲೆ ವೈಫೈ ಇದ್ದೂ ಪುಟ ತೆರೆಯದಿದ್ದರೆ ಪ್ರಾಕ್ಸಿ ಸೆಟ್ಟಿಂಗ್ ಖಾಲಿಯಿದೆಯೇ ನೋಡಿ, ನಂತರ ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ಎಸ್‌ಎಚ್ ವಿನ್‌ಸಾಕ್ ರೀಸೆಟ್ ಕೊಟ್ಟು ರೀಸ್ಟಾರ್ಟ್ ಮಾಡಿ.

ಈಗ ಡಿಫೆಂಡರ್ ತಾನಾಗಿ ಎದ್ದಿರಬೇಕು. ವಿಂಡೋಸ್ ಸೆಕ್ಯುರಿಟಿಯಲ್ಲಿ ಖಾತ್ರಿ ಮಾಡಿಕೊಂಡು ಒಂದು ವಾರ ಹಾಗೆಯೇ ಬಳಸಿ. ತೊಂದರೆ ಮುಂದುವರಿದರೆ ನೀವು ತೆಗೆದ ಆ್ಯಂಟಿವೈರಸ್ ಕಾರಣವಲ್ಲ. ಗ್ರಾಫಿಕ್ಸ್ ಡ್ರೈವರ್, ರ್‍ಯಾಮ್, ಡಿಸ್ಕ್ ಇವನ್ನು ನೋಡಿ. ತೊಂದರೆ ನಿಂತರೆ ಅದೇ ಉತ್ಪನ್ನದ ಹೊಸ ಆವೃತ್ತಿಯನ್ನು ಕನಿಷ್ಠ ಭಾಗಗಳೊಂದಿಗೆ ಹಾಕಿ, ಎರಡು ದಿನಕ್ಕೊಂದರಂತೆ ಉಳಿದವನ್ನು ಸೇರಿಸುತ್ತ ಹೋಗಿ. ಡಿಫೆಂಡರ್‌ನಲ್ಲೇ ಉಳಿದರೂ ಮನೆಬಳಕೆಗೆ ಕೊರತೆಯಿಲ್ಲ. ಎಲ್ಲ ಮುಗಿದ ಮೇಲೆ ಐಕಾರ್ ಎಂಬ 68 ಅಕ್ಷರಗಳ ನಿರಪಾಯಕಾರಿ ಪರೀಕ್ಷಾ ಫೈಲ್ ಇಳಿಸಿ ನೋಡಿ. ಆ್ಯಂಟಿವೈರಸ್ ಅದನ್ನು ತಕ್ಷಣ ಹಿಡಿಯಬೇಕು. ಹಿಡಿಯದಿದ್ದರೆ ಪರೀಕ್ಷೆಗೆಂದು ಆಫ್ ಮಾಡಿದ ಯಾವುದೋ ಗುಂಡಿ ಹಾಗೆಯೇ ಉಳಿದಿದೆ.

ದೋಷವಿರುವ ಭಾಗ ಸಿಕ್ಕಿದ್ದರೆ ಆ ಕಂಪನಿಯ ಸಹಾಯ ವಿಭಾಗಕ್ಕೆ ತಿಳಿಸಿ. ವಿಂಡೋಸ್‌ನ ಬಿಲ್ಡ್ ಸಂಖ್ಯೆ, ಆ್ಯಂಟಿವೈರಸ್‌ನ ಪ್ರೋಗ್ರಾಂ ಮತ್ತು ಎಂಜಿನ್ ಆವೃತ್ತಿ, ಬ್ರೌಸರ್ ಆವೃತ್ತಿ, ಯಾವ ಗುಂಡಿ ಆಫ್ ಮಾಡಿದಾಗ ಸರಿಹೋಯಿತು, ಆನ್ ಮಾಡಿದಾಗ ಮರಳಿ ಬಂತೇ, ಮಿನಿಡಂಪ್ ಫೈಲುಗಳು: ಇಷ್ಟಿದ್ದರೆ ಅವರು ಮತ್ತೆ ಮೊದಲಿನಿಂದ ಕೇಳಬೇಕಾಗಿಲ್ಲ. ಪೂರ್ಣ ಮೆಮೊರಿ ಡಂಪ್ ಕೇಳಿದರೆ ಸ್ವಲ್ಪ ಯೋಚಿಸಿ. ಕ್ರ್ಯಾಶ್ ಆದ ಕ್ಷಣದಲ್ಲಿ ಮೆಮೊರಿಯಲ್ಲಿದ್ದ ಪಾಸ್‌ವರ್ಡ್, ತೆರೆದಿದ್ದ ಪತ್ರಗಳು ಅದರಲ್ಲಿ ಇರಬಹುದು. ಕೊಡಲೇಬೇಕಾದರೆ ಕಂಪನಿ ಒದಗಿಸುವ ಅಪ್‌ಲೋಡ್ ಕೊಂಡಿಯಲ್ಲೇ ಕೊಡಿ, ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಬೇಡಿ.